ಡಾಕ್ಟರ್ ಅಲ್ಲ, ಮನೆಗೆ ಸಿಸ್ಟರ್ ಬರಲಿ



ಈ ಲೇಖನಮಾಲೆ ಓದಿ ನೀವು ಕಳಿಸುವ ಪ್ರಶ್ನೆಗಳಲ್ಲಿ ಹೆಚ್ಚಿನವು ಆಸ್ಪತ್ರೆಗೆ ಸಂಬಂಧಿಸಿದವು. ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕಾ, ಬೈಪಾಸ್ ಒಳ್ಳೆಯದಾ, ಠಾಣೆಯಲ್ಲೇ ಮಾಡಿಸುವುದಾ ಇಲ್ಲ ಮುಂಬಯಿಗೆ ಕರೆದುಕೊಂಡು ಹೋಗುವುದಾ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಅಪ್ಪನನ್ನು ನೋಡುವವರು ಯಾರು ಎಂದು ನನ್ನನ್ನು ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಎಪ್ಪತ್ತು ದಾಟಿದ ಹೃದ್ರೋಗಿ ಚೇತರಿಸಿಕೊಳ್ಳುತ್ತಾರೋ, ತಿಂಗಳೊಳಗೆ ಮತ್ತೆ ಐಸಿಯು ಸೇರುತ್ತಾರೋ ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ಆ ಮನೆಯಲ್ಲೇ.

ಒಂದು ಮನೆಯ ವಿಷಯ ಹೇಳುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಡೊಂಬಿವಲಿ ಪೂರ್ವದ ಹಳೆಯ ಕಟ್ಟಡ, ಲಿಫ್ಟ್ ಇಲ್ಲ, ಮೂರನೇ ಮಹಡಿ. ಜೀವನವಿಡೀ ಹೋಟೆಲ್ ಕೆಲಸದಲ್ಲಿ ದುಡಿದು ನಿವೃತ್ತರಾದ ಹಿರಿಯರು. ಕಾಯಿಲೆ ಹೃದಯ ವೈಫಲ್ಯ. ಹೆಸರು ಕೇಳಿ ಗಾಬರಿಯಾಗಬೇಡಿ; ಹೃದಯ ನಿಂತುಹೋಯಿತು ಎಂದು ಅರ್ಥವಲ್ಲ, ಅದರ ಪಂಪ್ ಮಾಡುವ ಶಕ್ತಿ ಕುಗ್ಗಿ ಶ್ವಾಸಕೋಶದಲ್ಲೂ ಕಾಲಿನಲ್ಲೂ ನೀರು ತುಂಬಿಕೊಳ್ಳುವುದು. ಎರಡು ತಿಂಗಳಲ್ಲಿ ಎರಡು ಸಲ ಆಸ್ಪತ್ರೆ ಸೇರಿದ್ದರು. ಎರಡನೇ ಸಲ ಮನೆಗೆ ಕಳಿಸುವಾಗ ನಾನೇ ಹನ್ನೊಂದು ಮಾತ್ರೆಗಳ ಚೀಟಿ ಬರೆದೆ. ಮಗನಿಗೆ ಹತ್ತು ನಿಮಿಷ ವಿವರಿಸಿದೆ. ಹದಿನೈದು ದಿನ ಬಿಟ್ಟು ಬನ್ನಿ ಎಂದೆ. ಮಗ ತಲೆಯಾಡಿಸಿದರು, ಗಮನ ಮಾತ್ರ ಬಿಲ್ ಕೌಂಟರ್ ಕಡೆಗಿತ್ತು. ತಪ್ಪೇನಿಲ್ಲ, ಆ ಹೊತ್ತಿನಲ್ಲಿ ಯಾರಿಗಾದರೂ ಹಾಗೇ.

ಈ ಸಲ ನನಗೆ ಪರಿಚಯವಿದ್ದ ಒಬ್ಬ ಸಿಸ್ಟರ್ ಅವರ ಮನೆಗೆ ಹೋಗಿಬರಲು ಒಪ್ಪಿದ್ದರು. ಮೂರನೇ ದಿನ ಅಲ್ಲಿಂದಲೇ ಫೋನ್ ಮಾಡಿದರು. "ಸರ್, ನಾಡಿ 44 ಇದೆ. ಎದ್ದು ನಿಂತರೆ ತಲೆ ತಿರುಗುತ್ತದೆ ಅಂತಾರೆ. ಒಂದೇ ಮಾತ್ರೆಯನ್ನು ಎರಡು ಹೆಸರಲ್ಲಿ ತಗೊಳ್ತಾ ಇದ್ದಾರೆ." ಹೌದು, ಹಳೆಯ ಚೀಟಿಯ ಮಾತ್ರೆಯೂ ನಡೆಯುತ್ತಿತ್ತು, ಹೊಸ ಚೀಟಿಯದೂ ಸೇರಿಕೊಂಡಿತ್ತು. ಕಂಪನಿ ಬೇರೆ, ಸ್ಟ್ರಿಪ್‌ನ ಬಣ್ಣ ಬೇರೆ, ಒಳಗಿನ ಔಷಧ ಒಂದೇ. ಮಗ ಇಂಜಿನಿಯರ್, ಓದು ಬರಹ ಬಲ್ಲವರು. ಆದರೆ ಹಳೆಯದನ್ನು ನಿಲ್ಲಿಸಿ ಎಂದು ಚೀಟಿಯಲ್ಲಿ ನಾನು ಬರೆದಿರಲಿಲ್ಲ. ತಪ್ಪು ನನ್ನದು. ಹದಿನೈದನೇ ದಿನ ಅವರು ನನ್ನ ಮುಂದೆ ಬಂದು ಕೂರುವ ಮೊದಲೇ ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿರುತ್ತಿದ್ದರು.

ಸಿಸ್ಟರ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ನೇರವಾಗಿ ತಂದ ನೋವಿನ ಮಾತ್ರೆ ತಲೆದಿಂಬಿನ ಕೆಳಗೆ ಸಿಕ್ಕಿತು. ಇಂಥ ಮಾತ್ರೆ ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಮೂತ್ರಪಿಂಡಕ್ಕೂ ಹೊಡೆತ ಕೊಡುತ್ತದೆ. ದುರ್ಬಲ ಹೃದಯದವರಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ಸಾರಿಗೆ ಉಪ್ಪು ಕಡಿಮೆ ಮಾಡಿದ್ದೇವೆ ಎಂದು ಸೊಸೆ ಹೇಳಿದ್ದು ನಿಜ. ಆದರೆ ರಾತ್ರಿಯ ಗಂಜಿಗೆ ಉಪ್ಪಿನಕಾಯಿ, ಹಪ್ಪಳ ಮಾಮೂಲಿಯಾಗಿ ನಡೆದೇ ಇತ್ತು. ಅವು ಉಪ್ಪಿನ ಲೆಕ್ಕಕ್ಕೆ ಬರುತ್ತವೆ ಎಂದು ಯಾರಿಗೂ ಹೊಳೆದಿರಲಿಲ್ಲ. ಇನ್ನೊಂದು ಸಂಗತಿಯಂತೂ ಅಜ್ಜ ನನ್ನ ಹತ್ತಿರ ಹೇಳುತ್ತಲೇ ಇರಲಿಲ್ಲ. ಕಾಯಿಲೆ ಬೀಳುವ ಮೊದಲು ಶನಿವಾರ ಶನಿವಾರ ಭಜನೆಗೆ ಹೋಗುವ ದಿನ ಅವರು ನೀರಿನ ಮಾತ್ರೆ ನುಂಗುತ್ತಿರಲಿಲ್ಲ. ಅಲ್ಲಿ ಪದೇ ಪದೇ ಎದ್ದು ಹೋಗಲು ಮುಜುಗರ. ಊರಿಗೆ ಬಸ್ಸಿನಲ್ಲಿ ಹೋಗುವಾಗ, ಮದುವೆಗೆ ಹೋಗುವಾಗ ಕೂಡ ಹಾಗೆಯೇ. ನಾನು ಕೇಳಿದರೆ "ಎಲ್ಲ ಸರಿಯಾಗಿ ತಗೊಳ್ತೇನೆ ಡಾಕ್ಟ್ರೇ" ಎಂಬ ಒಂದೇ ಉತ್ತರ. ಸಿಸ್ಟರ್ ಹತ್ತಿರ ಮಾತಾಡುತ್ತಾ ಆಡುತ್ತಾ ಹೇಳಿಬಿಟ್ಟರು. ಹೊರಗೆ ಹೋಗುವ ದಿನ ಆ ಮಾತ್ರೆಯ ಹೊತ್ತು ಬದಲಿಸಿದೆವು, ಅಷ್ಟೇ.

ಇದರಲ್ಲಿ ಯಾವುದೂ ಎಕೋದಲ್ಲಿ ಕಾಣುವಂಥದ್ದಲ್ಲ, ರಕ್ತಪರೀಕ್ಷೆಯಲ್ಲಿ ಸಿಗುವಂಥದ್ದಲ್ಲ. ಮನೆಯೊಳಗೆ ಕಾಲಿಟ್ಟವರಿಗೆ ಮಾತ್ರ ಕಾಣುವಂಥದ್ದು. ಹಾಗಂತ ನಾನೇ ಮನೆ ಮನೆಗೆ ಹೋಗುತ್ತೇನೆ ಎಂದರೆ ಅದು ಬರೀ ಮಾತು. ಘೋಡ್‌ಬಂದರ್ ರಸ್ತೆಯ ಸಂಜೆಯ ಟ್ರಾಫಿಕ್ ನಿಮಗೆ ಗೊತ್ತು. ಒಪಿಡಿ ಮುಗಿಸಿ ಹೊರಟರೆ ಎರಡು ಮನೆ ಮುಟ್ಟುವುದರೊಳಗೆ ರಾತ್ರಿಯಾಗುತ್ತದೆ. ಇನ್ನೂ ಒಂದು ನಿಜ ಒಪ್ಪಿಕೊಳ್ಳುತ್ತೇನೆ. ಮನೆಗೆ ಹೋದರೂ ನಾನು ಸ್ಟೆಥೊಸ್ಕೋಪ್ ಇಟ್ಟು, ಚೀಟಿ ತಿದ್ದಿ, ಚಹಾ ಕುಡಿದು ಬರುತ್ತೇನೆ. ದಿಂಬಿನ ಕೆಳಗೆ ನೋಡುವ ಅಭ್ಯಾಸ ನಮ್ಮ ಓದಿನಲ್ಲಿ ಇಲ್ಲ, ನರ್ಸಿಂಗ್ ಓದಿನಲ್ಲಿ ಇದೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. 1995ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೈಕೆಲ್ ರಿಚ್ ಎಂಬ ಹೃದ್ರೋಗ ತಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ, 70 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ವಯಸ್ಸಿನ 282 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ನರ್ಸ್ ಮುಂದಾಳತ್ವದ ಆರೈಕೆ: ಕಾಯಿಲೆ ಏನೆಂದು ತಿಳಿಸಿ ಹೇಳುವುದು, ಊಟದ ಸಲಹೆ, ಮಾತ್ರೆಗಳ ಪಟ್ಟಿ ಸರಿಮಾಡುವುದು, ಮನೆಭೇಟಿ, ಫೋನ್. ಮೂರು ತಿಂಗಳಲ್ಲಿ ಮಾಮೂಲಿ ಗುಂಪಿನಲ್ಲಿ 94 ಸಲ ಮರುದಾಖಲಾತಿ ಆದರೆ ಈ ಗುಂಪಿನಲ್ಲಿ 53. ಹೃದಯ ವೈಫಲ್ಯದ ಕಾರಣಕ್ಕೇ ಮತ್ತೆ ಸೇರಿದ್ದು 54ರಿಂದ 24ಕ್ಕೆ ಇಳಿಯಿತು. ಒಟ್ಟು ಖರ್ಚೂ ಕಡಿಮೆಯಾಯಿತು. ಹೊಸ ಔಷಧ ಯಾವುದೂ ಇಲ್ಲ, ಹೊಸ ಯಂತ್ರವೂ ಇಲ್ಲ. ಇಷ್ಟು ಫಲ ಕೊಡುವ ಮಾತ್ರೆಯೊಂದು ಇದ್ದಿದ್ದರೆ ಕಂಪನಿಯ ಪ್ರತಿನಿಧಿಗಳು ದಿನಾ ನನ್ನ ಬಾಗಿಲಲ್ಲಿ ನಿಂತಿರುತ್ತಿದ್ದರು.

ನಮ್ಮ ದೇಶದ ಲೆಕ್ಕವನ್ನೂ ನೋಡಿ. ತಿರುವನಂತಪುರದಲ್ಲಿ 2013ರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ 1205 ಜನರನ್ನು ಹಿಂಬಾಲಿಸಿ ನೋಡಿದಾಗ ಸರಾಸರಿ ವಯಸ್ಸು 61 ಇತ್ತು, ಒಂದು ವರ್ಷದೊಳಗೆ ಮೂವರಲ್ಲಿ ಸುಮಾರು ಒಬ್ಬರು ತೀರಿಕೊಂಡಿದ್ದರು. ನಾವು ಆಸ್ಪತ್ರೆಯ ಒಳಗೆ ಮಾಡುವುದನ್ನೆಲ್ಲ ಮಾಡಿದ ಮೇಲೂ ಹೀಗೆ.

ಹಾಗಾದರೆ ಮನೆಗೆ ಬಂದ ಸಿಸ್ಟರ್ ಏನು ನೋಡಬೇಕು? ಮೊದಲನೆಯದು ತೂಕ. ದಿನಾ ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ನೋಡಿ ಬರೆದಿಡುವುದನ್ನು ಅವರು ಮನೆಯವರಿಗೆ ಕಲಿಸುತ್ತಾರೆ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಅನ್ನದ ತೂಕವಲ್ಲ, ನೀರಿನದು. ದಮ್ಮು ಹತ್ತುವುದಕ್ಕೆ ಎಷ್ಟೋ ದಿನ ಮುಂಚೆ ತಕ್ಕಡಿ ಹೇಳಿಬಿಡುತ್ತದೆ. ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ ಎಂದು ಕೇಳುತ್ತಾರೆ. ಒಂದು ಇದ್ದದ್ದು ಮೂರಾಗಿದ್ದರೆ ಅದೇ ಒಂದು ವರದಿ. ಪಾದದ ಗಂಟಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಗುಳಿ ಬೀಳುತ್ತದೆಯೇ ನೋಡುತ್ತಾರೆ. ಬಿಪಿಯನ್ನು ಮಲಗಿದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ತೆಗೆಯುತ್ತಾರೆ. ಮೇಲಿನ ಅಂಕಿ 20ರಷ್ಟು ಇಳಿದರೆ ಬೀಳುವ ಭಯವಿದೆ ಎಂದರ್ಥ. ಊಟ ಸೇರದ ದಿನವೂ ಶುಗರ್ ಮಾತ್ರೆ ಅಷ್ಟೇ ಪ್ರಮಾಣದಲ್ಲಿ ನುಂಗುತ್ತಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಯಾವ ಅಂಕಿ ದಾಟಿದರೆ ನನಗೆ ಫೋನ್ ಮಾಡಬೇಕು ಎಂದು ನಾನು ಮೊದಲೇ ಬರೆದುಕೊಟ್ಟಿರುತ್ತೇನೆ. ಮಾತ್ರೆ ಬದಲಿಸುವುದು ನನ್ನ ಕೆಲಸ, ಬದಲಿಸಬೇಕಾದ ಹೊತ್ತು ಬಂದಿದೆ ಎಂದು ಹೇಳುವುದು ಅವರದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎದೆ ಹಿಂಡಿದ ಹಾಗೆ ನೋವು, ತಣ್ಣನೆ ಬೆವರು, ಮಲಗಲಾಗದಷ್ಟು ಉಬ್ಬಸ, ಬಾಯಿ ವಾರೆಯಾಗುವುದು, ಮಾತು ತೊದಲುವುದು ಇದ್ದರೆ ಸಿಸ್ಟರ್‌ಗೂ ಕಾಯಬೇಡಿ, ನನಗೂ ಮೆಸೇಜ್ ಹಾಕಿ ಉತ್ತರಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

"ನಾವು ಬ್ಯೂರೋದಿಂದ ಸಿಸ್ಟರ್ ಇಟ್ಟಿದ್ದೇವಲ್ಲ" ಎಂದು ಕೆಲವರು ಹೇಳುತ್ತೀರಿ. ಹೋಗಿ ನೋಡಿದರೆ ಹೆಚ್ಚಿನ ಕಡೆ ಅವರು ನರ್ಸ್ ಅಲ್ಲ. ಹನ್ನೆರಡು ಗಂಟೆ ಡ್ಯೂಟಿಗೆ ಬರುವ ಮಾವಶಿ. ಸ್ನಾನ ಮಾಡಿಸುತ್ತಾರೆ, ಡೈಪರ್ ಬದಲಿಸುತ್ತಾರೆ, ಊಟ ಮಾಡಿಸುತ್ತಾರೆ, ರಾತ್ರಿ ಪಕ್ಕದಲ್ಲಿ ಮಲಗುತ್ತಾರೆ. ಆ ಕೆಲಸ ಸಣ್ಣದಲ್ಲ, ನಮ್ಮಲ್ಲಿ ಎಷ್ಟು ಮಂದಿ ಮಾಡಿಯಾರು? ಆದರೆ ಅವರಿಂದ ಇನ್ಸುಲಿನ್ ಲೆಕ್ಕ ಹಾಕಿಸುವುದು, ಮೂತ್ರದ ನಳಿಕೆ ಬದಲಿಸಲು ಹೇಳುವುದು ಅವರಿಗೂ ಅನ್ಯಾಯ, ನಿಮ್ಮ ಅಮ್ಮನಿಗೂ ಅಪಾಯ. ಎಎನ್‌ಎಂ ಎಂದರೆ ಎರಡು ವರ್ಷದ ಓದು, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇವರಿಗೆಲ್ಲ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ. ಬ್ಯೂರೋದವರನ್ನು ಆ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ. ಗ್ಯಾಸ್ ಸಿಲಿಂಡರ್ ಬಂದರೆ ಸೀಲು ನೋಡುತ್ತೇವೆ.

ಹಾಗೆಂದು ದಿನವಿಡೀ ನರ್ಸ್ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಹಿರಿಯರಿಗೆ ಅದು ಬೇಕಿಲ್ಲ, ಹೆಚ್ಚಿನ ಮನೆಗಳಿಗೆ ಕೈಗೆಟಕುವುದೂ ಇಲ್ಲ. ಡಿಸ್ಚಾರ್ಜ್ ಆದ ಮೊದಲ ವಾರ ಎರಡು ಮೂರು ಸಲ, ಆಮೇಲೆ ವಾರಕ್ಕೊಮ್ಮೆ ಒಂದು ಗಂಟೆ ಬಂದುಹೋದರೆ ಸಾಕು. ಉಳಿದ ದಿನ ಮನೆಯವರೇ ನೋಡಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ಮನೆಯವರು ಎಂದರೆ ಸೊಸೆ ಅಥವಾ ಮಗಳು. ಬೆಳಿಗ್ಗೆ ಡಬ್ಬಿ ಕಟ್ಟಿ, ಮಾವನ ಮಾತ್ರೆ ತೆಗೆದಿಟ್ಟು, ಲೋಕಲ್ ಹಿಡಿದು, ರಾತ್ರಿ ಎಂಟಕ್ಕೆ ತಿರುಗಿ ಬರುವವಳು. ಆ ಹನ್ನೆರಡು ಗಂಟೆ ಅಜ್ಜ ಅಜ್ಜಿ ಇಬ್ಬರೇ, ಒಮ್ಮೊಮ್ಮೆ ಅಜ್ಜಿ ಒಬ್ಬರೇ. ಏನಾದರೂ ಹೆಚ್ಚುಕಮ್ಮಿ ಆದರೆ ಊರಿನಿಂದ ಫೋನ್ ಮಾಡುವ ನೆಂಟರೆಲ್ಲ "ನೀನು ನೋಡ್ಕೊಳ್ಳಲಿಲ್ವಾ" ಎಂದು ಕೇಳುವುದು ಅವಳನ್ನೇ. ತಿಳಿದವರೊಬ್ಬರು ವಾರಕ್ಕೊಮ್ಮೆ ಬಂದು "ಕಾಲು ಊದಿಲ್ಲ, ನೀವು ಮಾಡುತ್ತಿರುವುದು ಸರಿಯಾಗಿದೆ" ಎಂದು ಹೇಳಿ ಹೋದರೆ ಆ ಸೊಸೆಗೆ ರಾತ್ರಿ ನಿದ್ದೆ ಬರುತ್ತದೆ. ಅದಕ್ಕೂ ಬೆಲೆ ಇದೆ.

ಇನ್ನು ಭಾಷೆ. ನಮ್ಮ ಹಿರಿಯರು ನಲವತ್ತು ವರ್ಷ ಮರಾಠಿ, ಹಿಂದಿ ಆಡಿದವರೇ. ಆದರೆ ಜ್ವರ ಏರಿದಾಗ, ಲಕ್ವ ಹೊಡೆದಾಗ, ಮರೆವಿನ ಕಾಯಿಲೆ ಹತ್ತಿದಾಗ ಬಾಯಿಗೆ ಬರುವುದು ತಾಯಿನುಡಿ. ಉಡುಪಿ ಕಡೆಯ ಅಜ್ಜಿ ರಾತ್ರಿ ಎರಡು ಗಂಟೆಗೆ "ಸಂಕಟ ಆಗ್ತಾ ಉಂಟು" ಎಂದರೆ, ಮರಾಠಿಯಲ್ಲಿ ಸಂಕಟ ಎಂದರೆ ಆಪತ್ತು, ಪಕ್ಕದಲ್ಲಿದ್ದ ಮಾವಶಿ ಕಳ್ಳ ಬಂದನೇ ಎಂದು ಬಾಗಿಲ ಕಡೆ ನೋಡಿದ್ದನ್ನು ಒಂದು ಮನೆಯವರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಅಜ್ಜಿಗೆ ಆಗುತ್ತಿದ್ದದ್ದು ಹಾರ್ಟ್ ಅಟ್ಯಾಕ್. ವಿಜಯಪುರದವರು "ದಮ್ಮ ಹತ್ತತದ" ಎನ್ನುತ್ತಾರೆ, ಮರಾಠಿಯವರಿಗೆ ಅದು ಬೇಗ ತಿಳಿಯುತ್ತದೆ, ಅಲ್ಲಿ ಪುಣ್ಯ. ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ವರ್ಷ ವರ್ಷ ಎಷ್ಟೊಂದು ಹುಡುಗಿಯರು ಓದಿ ಹೊರಬರುತ್ತಾರೆ. ಅವರಲ್ಲಿ ಗಲ್ಫಿಗೆ, ಇಂಗ್ಲೆಂಡಿಗೆ ಹೋಗುವವರನ್ನು ತಡೆಯಲಾಗದು. ಮದುವೆಯಾಗಿ ಕಲ್ಯಾಣಕ್ಕೋ ನೆರೂಲಿಗೋ ಬಂದು, ಮಕ್ಕಳಾದ ಮೇಲೆ ನೈಟ್ ಡ್ಯೂಟಿ ಆಗದೆಂದು ಮನೆಯಲ್ಲೇ ಕೂತ ಕನ್ನಡದ ನರ್ಸ್‌ಗಳು ನಿಮ್ಮ ಕಟ್ಟಡದಲ್ಲೇ ಇರಬಹುದು.

ಸರಕಾರ ಮಾಡುವುದಿಲ್ಲವೇ ಎಂದು ಕೇಳಬಹುದು. ಹಿರಿಯರ ಆರೋಗ್ಯಕ್ಕೆಂದೇ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಗಿದೆ, ಅದರಲ್ಲಿ ಮನೆಭೇಟಿಯ ಮಾತೂ ಇದೆ. ಆದರೆ ನಗರದ ಆರೋಗ್ಯ ಕೇಂದ್ರದ ಎಎನ್‌ಎಂ ಲಸಿಕೆ, ಬಾಣಂತಿ, ಸಮೀಕ್ಷೆಗಳಲ್ಲೇ ಮುಳುಗಿರುತ್ತಾರೆ, ಅವರನ್ನು ದೂರಿ ಫಲವಿಲ್ಲ. 2024ರ ಅಕ್ಟೋಬರ್‌ನಿಂದ 70 ವರ್ಷ ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಕಾರ್ಡ್ ಸಿಗುತ್ತದೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಮಾಡಿಸಿಕೊಳ್ಳದವರು ಖಂಡಿತ ಮಾಡಿಸಿಕೊಳ್ಳಿ. ಅದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ದಾಖಲಾಗದಂತೆ ನೋಡಿಕೊಳ್ಳಲು ತಿಂಗಳುಗಟ್ಟಲೆ ಮನೆಗೆ ಬರುವ ಸಿಸ್ಟರ್‌ಗೆ ಅದರಿಂದ ಹಣ ಸಿಗುವುದಿಲ್ಲ.

ಕೇರಳದಲ್ಲಿ ದಾರಿ ಬೇರೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ನೋವು ಶಮನದ ಒಂದು ಸಣ್ಣ ಸಂಸ್ಥೆ ಹುಟ್ಟಿತು. 1999ರ ಹೊತ್ತಿಗೆ ಮಲಪ್ಪುರಂ ಜಿಲ್ಲೆಯಲ್ಲಿ ಊರವರೇ ಗುಂಪು ಕಟ್ಟಿ, ಚಿಲ್ಲರೆ ದುಡ್ಡು ಕೂಡಿಸಿ ನರ್ಸ್‌ಗಳನ್ನು ಮನೆಮನೆಗೆ ಕಳಿಸತೊಡಗಿದರು. 2008ರಲ್ಲಿ ರಾಜ್ಯ ಸರಕಾರ ಅದನ್ನೇ ನೀತಿಯಾಗಿ ಮಾಡಿಕೊಂಡಿತು, ಪಂಚಾಯತಿಗಳ ಮೂಲಕ ನಡೆಸಿತು. ಕಾಸರಗೋಡು, ಮಂಜೇಶ್ವರ ಕಡೆ ನೆಂಟರಿದ್ದರೆ ಕೇಳಿ ನೋಡಿ: ಹಾಸಿಗೆ ಹಿಡಿದವರಿರುವ ಕನ್ನಡದ ಮನೆಗೂ ಪಂಚಾಯತಿಯ ಪಾಲಿಯೇಟಿವ್ ನರ್ಸ್ ಚೀಲ ಹಿಡಿದು ಬರುತ್ತಾರೆ. ಅಲ್ಲಿ ಜನ ಮೊದಲು, ಸರಕಾರ ಆಮೇಲೆ.

ಇಂಗ್ಲೆಂಡಿನಲ್ಲೂ ಶುರುವಾದದ್ದು ಹೀಗೆಯೇ. 1859ರಲ್ಲಿ ಲಿವರ್‌ಪೂಲ್‌ನ ವಿಲಿಯಂ ರಾತ್‌ಬೋನ್ ಎಂಬ ವ್ಯಾಪಾರಿಯ ಹೆಂಡತಿ ತೀರಿಕೊಂಡರು. ಆಕೆಯನ್ನು ಮನೆಯಲ್ಲಿ ನೋಡಿಕೊಂಡ ನರ್ಸ್ ಮೇರಿ ರಾಬಿನ್ಸನ್. ದುಡ್ಡಿರುವ ನನ್ನ ಮನೆಯಲ್ಲೇ ಈ ಆರೈಕೆ ಇಷ್ಟು ನೆಮ್ಮದಿ ಕೊಟ್ಟಿತು, ಬಡವರ ಮನೆಯಲ್ಲಿ ಏನಾಗುತ್ತಿರಬಹುದು ಎಂದುಕೊಂಡ ರಾತ್‌ಬೋನ್, ಅದೇ ನರ್ಸ್‌ಗೆ ಮೂರು ತಿಂಗಳ ಸಂಬಳ ಕೊಟ್ಟು ಊರಿನ ಬಡವರ ಮನೆಗಳಿಗೆ ಕಳಿಸಿದರು. ಒಂದು ತಿಂಗಳಿಗೇ ಆಕೆ ಅಳುತ್ತಾ ಬಂದು ನನ್ನಿಂದಾಗದು ಎಂದಳು. ಪೂರ್ತಿ ಮೂರು ತಿಂಗಳು ನೋಡು ಎಂದು ಒಪ್ಪಿಸಿದರು. ಅದು ಮುಗಿದಾಗ ಆಕೆಯೇ ಬಿಡಲೊಪ್ಪಲಿಲ್ಲ. ಮುಂದೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಸಲಹೆ ಪಡೆದು ತರಬೇತಿ ಶಾಲೆಯನ್ನೇ ಕಟ್ಟಿದರು.

ವ್ಯಾಪಾರಿಗಳು, ಹೋಟೆಲಿನವರು ನಮ್ಮಲ್ಲೂ ಕಡಿಮೆಯಿಲ್ಲ. ಡೊಂಬಿವಲಿ, ಕಲ್ಯಾಣ, ಠಾಣೆ, ವಾಶಿ ಎಲ್ಲ ಕಡೆ ಕನ್ನಡ ಸಂಘಗಳಿವೆ, ಜಾತಿ ಸಂಘಗಳಿವೆ, ಭಜನಾ ಮಂಡಳಿಗಳಿವೆ. ವರ್ಷಕ್ಕೊಂದು ಆರೋಗ್ಯ ಶಿಬಿರವೂ ನಡೆಯುತ್ತದೆ. ನಾನೂ ಎಷ್ಟೋ ಶಿಬಿರಗಳಿಗೆ ಬಂದು ಶಾಲು ಹೊದಿಸಿಕೊಂಡಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ, ಆ ಶಿಬಿರಗಳಿಂದ ಹಿರಿಯರಿಗೆ ಆಗುವ ಉಪಕಾರ ಕಡಿಮೆ. ಮೂರು ಮಹಡಿ ಇಳಿದು ಬರಬಲ್ಲವರು ಮಾತ್ರ ಶಿಬಿರಕ್ಕೆ ಬರುತ್ತಾರೆ. ಇಳಿಯಲಾಗದವರೇ ನಮಗೆ ಬೇಕಾದವರು.

ಲೆಕ್ಕ ಹಾಕಿ ನೋಡಿ. ಒಬ್ಬ ಸಿಸ್ಟರ್ ಒಂದೇ ಬಡಾವಣೆಯಲ್ಲಿ ದಿನಕ್ಕೆ ಆರು ಮನೆ, ವಾರಕ್ಕೆ ಐದು ದಿನ ನೋಡಿದರೆ ಮೂವತ್ತು ಮನೆ. ತಿಂಗಳಿಗೆ ಸಂಬಳ, ಆಟೋ ಖರ್ಚು ಎಲ್ಲ ಸೇರಿ 36 ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ಮನೆಗೆ 1200. ಕೊಡಬಲ್ಲವರು ಕೊಡಲಿ, ಆಗದವರ ಪಾಲನ್ನು ಸಂಘ ಭರಿಸಲಿ. ಒಂದು ವಾರ್ಷಿಕೋತ್ಸವದ ಪೆಂಡಾಲು, ಊಟ, ಹಾರ ತುರಾಯಿಯ ಖರ್ಚು ಎಷ್ಟಾಗುತ್ತದೆ ಎಂದು ಖಜಾಂಚಿಯವರಿಗೆ ಗೊತ್ತು. ನನ್ನಂಥ ಒಬ್ಬಿಬ್ಬರು ಡಾಕ್ಟರು ಫೋನಿಗೆ ಸಿಗುವ ಹೊಣೆ ಹೊತ್ತುಕೊಂಡರೆ ಆಯಿತು. ನಾನು ಸಿದ್ಧನಿದ್ದೇನೆ, ಸಂಬಳದ ಮಾತಿಲ್ಲ.

ಆ ಸಿಸ್ಟರ್‌ಗೆ ಮಾತ್ರ ಸಂಬಳದ ಮಾತು ಇರಲೇಬೇಕು. ಸೇವೆ, ತ್ಯಾಗ, ಮಾತೃಹೃದಯ ಎಂದು ಹೊಗಳಿ ಕಡಿಮೆ ದುಡ್ಡಿಗೆ ದುಡಿಸುವುದು ನಮ್ಮ ಹಳೆಯ ಚಾಳಿ. ಮನೆಗೆ ಬಂದವರಿಗೆ ಕುರ್ಚಿ ಕೊಡಿ, ಕೈ ತೊಳೆಯಲು ಸೋಪು, ಒರೆಸಲು ಒಗೆದ ಟವೆಲ್ ಕೊಡಿ. ಪಾತ್ರೆ ತೊಳೆಯಲು, ತರಕಾರಿ ತರಲು ಹೇಳಬೇಡಿ. ಮನೆಯಲ್ಲಿ ಗಂಡಸರು ಒಬ್ಬರೇ ಇರುವ ಹೊತ್ತಿಗೆ ಕರೆಯಬೇಡಿ, ಇನ್ನೊಬ್ಬರು ಇರುವಾಗ ಕರೆಯಿರಿ. ಇವೆಲ್ಲ ಹೇಳಬೇಕಾದ ಮಾತೇ ಎಂದು ನಿಮಗೆ ಅನ್ನಿಸಬಹುದು. ಮನೆಭೇಟಿ ಬಿಟ್ಟುಬಿಟ್ಟ ಸಿಸ್ಟರ್‌ಗಳು ನನಗೆ ಹೇಳಿದ ಕಾರಣಗಳು ಇವೇ.

ಸಂಘ ಸಭೆ ಕರೆಯುವಾಗ ಕರೆಯಲಿ, ಅದಕ್ಕೆ ಕಾಯದೆ ಈ ಭಾನುವಾರ ಒಂದು ಕೆಲಸ ಮಾಡಿ. ಅಪ್ಪ ಅಮ್ಮನ ಔಷಧದ ಡಬ್ಬಿ, ಕಪಾಟು, ದಿಂಬಿನ ಕೆಳಗಿನದು, ಪರ್ಸಿನೊಳಗಿನದು ಎಲ್ಲ ತಂದು ಊಟದ ಮೇಜಿನ ಮೇಲೆ ಸುರಿಯಿರಿ. ಕಂಪನಿಯ ದೊಡ್ಡ ಹೆಸರು ಬಿಟ್ಟು, ಸ್ಟ್ರಿಪ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಔಷಧದ ಹೆಸರು ಓದಿ. ಒಂದೇ ಹೆಸರು ಎರಡು ಸ್ಟ್ರಿಪ್‌ನಲ್ಲಿ ಕಂಡರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಎರಡರ ಫೋಟೋ ತೆಗೆದು ನಿಮ್ಮ ಡಾಕ್ಟರಿಗೆ ಕಳಿಸಿ, ಅದೇ ದಿನ ಫೋನ್ ಮಾಡಿ ಕೇಳಿ. ನಿಮ್ಮ ಕಟ್ಟಡದಲ್ಲಿ ನರ್ಸಿಂಗ್ ಓದಿದ ಹೆಣ್ಣುಮಗಳಿದ್ದರೆ ಮೇಜಿನ ಹತ್ತಿರ ಅವರನ್ನೂ ಕರೆಯಿರಿ.